ಹತ್ತನೇ ತರಗತಿ, ಪಿಯು ಮುಗಿಸಿದವರಿಗೆ ದಾರಿ ಹೇಳುವಾಗ: ಎಐಗೆ ಯಾವ ಕೆಲಸ, ಮಾಸ್ತರಿಗೆ ಯಾವ ಕೆಲಸ

ಪ್ರೌಢಶಾಲೆಯ ಮಾಸ್ತರು, ಅಕ್ಕೋರು, ಪಿಯು ಉಪನ್ಯಾಸಕರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ನೋಡಿಕೊಳ್ಳುವವರು, ಊರಲ್ಲಿ ನಾಲ್ಕಕ್ಷರ ಹೆಚ್ಚು ಓದಿದ್ದಾರೆಂದು "ಇವ್ನಿಗೆ ಮುಂದೆ ಎಂತ ಓದ್ಸೂದು?" ಎಂದು ಜನ ಕೇಳಿಕೊಂಡು ಬರುವ ಮನೆಯವರು: ಈ ಬರಹ ಇವರಿಗಾಗಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೆ, ಜೋಯಿಡಾದ ಕಾಡಿನ ಊರುಗಳಲ್ಲಿ ವೃತ್ತಿ ಮಾರ್ಗದರ್ಶಕ ಎಂಬ ಹುದ್ದೆಯವರು ಸುಲಭಕ್ಕೆ ಸಿಗುವುದಿಲ್ಲ. ಆ ಕೆಲಸ ಇವರ ಹೆಗಲಿಗೇ ಬಂದಿದೆ. ಈಗ ಮಕ್ಕಳು ಇವರನ್ನು ಕೇಳುವ ಮೊದಲೇ ಫೋನಿನಲ್ಲಿ ಎಐಯನ್ನು (ಪ್ರಶ್ನೆಗೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯನ್ನು) ಕೇಳಿ, ಅದು ಹೇಳಿದ್ದನ್ನು ಹಿಡಿದುಕೊಂಡು ಬರುತ್ತಾರೆ.

ಅದನ್ನು ಬೈದು ಪ್ರಯೋಜನವಿಲ್ಲ, ಬೈಯುವ ಅಗತ್ಯವೂ ಇಲ್ಲ. ಹತ್ತನೇ ತರಗತಿಯ ನಂತರ ಇರುವ ದಾರಿಗಳನ್ನು ಒಂದೇ ಉಸಿರಿಗೆ ಇಪ್ಪತ್ತು ಹೇಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ, ಎಐಗೆ ಇದೆ. ಆದರೆ ಆ ಇಪ್ಪತ್ತರಲ್ಲಿ ಈ ಹುಡುಗಿಗೆ, ಈ ಮನೆಗೆ, ಈ ವರ್ಷ ಯಾವುದು ಒಗ್ಗುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಇಡೀ ವಿಧಾನ ಒಂದೇ ನಿಯಮದ ಮೇಲೆ ನಿಂತಿದೆ: ದಾರಿಗಳ ಹೆಸರು ಹೇಳುವ ಕೆಲಸ ಎಐಗೆ, ಆರಿಸುವ ಕೆಲಸ ಮನುಷ್ಯರಿಗೆ, ನಡುವೆ ದಾಖಲೆ ನೋಡಿ ಖಚಿತ ಮಾಡಿಕೊಳ್ಳುವ ಕೆಲಸ ಯಾರಾದರೂ ಒಬ್ಬರಿಗೆ ಕಡ್ಡಾಯ. ಈ ಮೂರರ ಸರದಿ ತಪ್ಪಿದಲ್ಲೇ ಹೆಚ್ಚಿನ ಎಡವಟ್ಟು ಆಗುವುದು.

ಫೋನು ಮುಟ್ಟುವ ಮೊದಲು ಒಂದು ಹಾಳೆ

ಹತ್ತನೇ ತರಗತಿಯವರಾದರೆ ನವೆಂಬರಿನಲ್ಲಿ ಶುರುಮಾಡಿ. ಮಾರ್ಚ್‌ನಲ್ಲಿ ಪರೀಕ್ಷೆ ಬರುವುದರಿಂದ ಫೆಬ್ರವರಿಯಲ್ಲಿ ಈ ಮಾತು ಎತ್ತಲೇಬೇಡಿ. ಫಲಿತಾಂಶ ಬಂದ ಮೇಲೆ ಉಳಿಯುವುದು ಕೆಲವೇ ದಿನ, ಆಗ ಹೊಸದಾಗಿ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಒಬ್ಬ ವಿದ್ಯಾರ್ಥಿಗೆ ನಲವತ್ತು ನಿಮಿಷ ಬೇಕು. ಮೊದಲ ಇಪ್ಪತ್ತು ನಿಮಿಷ ವಿದ್ಯಾರ್ಥಿ ಒಬ್ಬರೇ ಇರಲಿ, ಆಯಿ, ಅಪ್ಪ ಹೊರಗೆ ಕೂತಿರಲಿ. ಮನೆಯವರ ಮುಂದೆ ಮಕ್ಕಳು ಮನೆಯವರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. "ನಿನಗೆ ಏನಾಗಬೇಕು ಅಂತ ಇದೆ?" ಎಂದು ಕೇಳಿದರೆ "ಇಂಜಿನಿಯರ್", "ಡಾಕ್ಟರ್" ಎಂಬ ಕಲಿತ ಉತ್ತರ ಬರುತ್ತದೆ. "ಹೋದ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದೆ?" ಎಂದು ಕೇಳಿ. "ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ? ಮನೆಯಲ್ಲಿ, ಕೇರಿಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೆಯುತ್ತಾರೆ?" ಎಂದು ಕೇಳಿ. ಯಾರದೋ ಮೊಬೈಲು ಸರಿಮಾಡಲು ಕರೆಯುತ್ತಾರೆ, ಅಜ್ಜಿಯ ಗಾಯಕ್ಕೆ ಡ್ರೆಸ್ಸಿಂಗ್ ಕಟ್ಟಲು ಕರೆಯುತ್ತಾರೆ, ಸೊಸೈಟಿಯ ಪಾಸ್‌ಬುಕ್ ಲೆಕ್ಕ ನೋಡಲು ಕರೆಯುತ್ತಾರೆ. ಈ ಉತ್ತರಗಳನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ.

ಉಳಿದ ಇಪ್ಪತ್ತು ನಿಮಿಷ ಮನೆಯವರೊಂದಿಗೆ. ಹಾಳೆಗೆ ಬರಬೇಕಾದವು: ಒಂಬತ್ತನೆಯ ತರಗತಿಯ ಮತ್ತು ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಅಂಕ, ವಿಷಯವಾರು. ವರ್ಷಕ್ಕೆ ಮನೆಯಿಂದ ಕೊಡಲಾಗುವ ಹಣ, ಸಾಲವನ್ನು ಬಿಟ್ಟು. ದಿನಾ ಓಡಾಡುವುದಾದರೆ ಮೊದಲ ಬಸ್ಸು ಎಷ್ಟಕ್ಕೆ, ಕೊನೆಯ ಬಸ್ಸು ಎಷ್ಟಕ್ಕೆ. ಹಾಸ್ಟೆಲಿಗೆ ಕಳಿಸುವ ಮನಸ್ಸಿದೆಯೇ. ಕನ್ನಡಕ ಇದೆಯೇ, ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದೆಯೇ, ಎತ್ತರ ಎಷ್ಟು. ಒಂದರಿಂದ ಹತ್ತರವರೆಗೆ ಓದಿದ್ದು ಗ್ರಾಮೀಣ ಶಾಲೆಯಲ್ಲಿ ಹೌದೇ, ಕನ್ನಡ ಮಾಧ್ಯಮದಲ್ಲಿ ಹೌದೇ. ಜಾತಿ-ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ. ಪಹಣಿ ಯಾರ ಹೆಸರಲ್ಲಿದೆ.

ಕಣ್ಣಿನ ವಿಚಾರ ಯಾಕೆ ಎಂದು ಕೆಲವರು ಕೇಳಬಹುದು. ಕಾರವಾರ, ಅಂಕೋಲಾ ಕಡೆ ಹಡಗಿನ ಕೆಲಸಕ್ಕೆ ಹೋಗಬೇಕೆನ್ನುವ ಹುಡುಗರು ತುಂಬಾ ಮಂದಿ. ಮರ್ಚೆಂಟ್ ನೇವಿಯ (ವ್ಯಾಪಾರಿ ಹಡಗುಗಳ) ಡೆಕ್ ವಿಭಾಗಕ್ಕೆ, ಅಂದರೆ ಹಡಗು ನಡೆಸುವ ಕೆಲಸಕ್ಕೆ, ಕನ್ನಡಕವಿಲ್ಲದೆ 6/6 ದೃಷ್ಟಿ ಕೇಳುತ್ತಾರೆ, ಬಣ್ಣಗುರುಡು ಇದ್ದರೆ ಆಗುವುದಿಲ್ಲ. ಪಿಯುನಲ್ಲಿ ಎರಡು ವರ್ಷ ಪಿಸಿಎಂ (ಭೌತ, ರಸಾಯನ, ಗಣಿತ) ಓದಿ, ಹಡಗಿನ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಐಎಂಯು ಸಿಇಟಿ ಬರೆದು, ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ಇದು ತಿಳಿದರೆ ಮಗುವಿನ ಮನಸ್ಸಿಗೆ ಆಗುವ ಪೆಟ್ಟು ಸಣ್ಣದಲ್ಲ. ಡಿಜಿ ಶಿಪ್ಪಿಂಗ್ (ಕೇಂದ್ರದ ಹಡಗು ಇಲಾಖೆ) ಮಾನ್ಯತೆ ಇರುವ ವೈದ್ಯರಲ್ಲಿ ಹತ್ತನೆಯ ತರಗತಿಯಲ್ಲೇ ಒಮ್ಮೆ ತೋರಿಸಿದರೆ ಮುಗಿಯುತ್ತದೆ. "ಮರ್ಚೆಂಟ್ ನೇವಿ ಸೇರುವುದು ಹೇಗೆ" ಎಂದು ಕೇಳಿದಾಗ ಎಐ ಕೋರ್ಸು, ಸಂಬಳ, ಪರೀಕ್ಷೆ ಎಲ್ಲ ಹೇಳಿ ಕಣ್ಣಿನ ಮಾತನ್ನು ಬಿಟ್ಟುಬಿಡುವುದುಂಟು, ಯಾಕೆಂದರೆ ಅದನ್ನು ಯಾರೂ ಕೇಳಿರುವುದಿಲ್ಲ.

ಎಐಯನ್ನು ಕೇಳುವ ಬಗೆ

"ನಾನು ಮುಂದೆ ಏನು ಓದಲಿ?" ಎಂಬುದು ಕೆಟ್ಟ ಪ್ರಶ್ನೆ. ಚಾಟ್‌ಜಿಪಿಟಿ ಇರಲಿ, ಜೆಮಿನಿ ಇರಲಿ, ಇವು ಓದಿದ ಅಪಾರ ಬರಹದ ಆಧಾರದ ಮೇಲೆ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಅಂತರಜಾಲದಲ್ಲಿ ಹೆಚ್ಚು ಬರೆದಿರುವುದು ಕಂಪ್ಯೂಟರ್ ಸೈನ್ಸ್, ಎಂಬಿಬಿಎಸ್, ಸಿಎ ಬಗ್ಗೆ. ಬೆಳಚು ಎಂಬ ಚಿಪ್ಪುಮೀನು ಹೆಕ್ಕುವ ಅಘನಾಶಿನಿ ನದಿಯ ಬಗ್ಗೆ, ದೋಟಿ (ಉದ್ದ ಕೋಲು) ಹಿಡಿದು ಅಡಿಕೆ ಕೊನೆ ಇಳಿಸುವುದರ ಬಗ್ಗೆ ಬರೆದದ್ದು ಕಡಿಮೆ. ಬರೀ ಪ್ರಶ್ನೆಗೆ ಬರೀ ಸರಾಸರಿ ಉತ್ತರವೇ ಸಿಗುತ್ತದೆ.

ಹಾಳೆಯನ್ನು ಎದುರಿಗಿಟ್ಟುಕೊಂಡು ಹೀಗೆ ಕೇಳಿ:

"ಕರ್ನಾಟಕ ರಾಜ್ಯ ಪಠ್ಯಕ್ರಮದಲ್ಲಿ ಹತ್ತನೇ ತರಗತಿ ಓದುತ್ತಿರುವ ವಿದ್ಯಾರ್ಥಿ. ಊರು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕಿನಲ್ಲಿದೆ. ಈ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿಲ್ಲ. ಕನ್ನಡ ಮಾಧ್ಯಮ. 100ಕ್ಕೆ ಗಣಿತ 58, ವಿಜ್ಞಾನ 71, ಸಮಾಜ ವಿಜ್ಞಾನ 83, ಇಂಗ್ಲಿಷ್ 62. ತೋಟದ ಪಂಪು, ಸ್ಪ್ರೇಯರ್ ಬಿಚ್ಚಿ ಜೋಡಿಸುವುದು ಇಷ್ಟ. ಜನರೊಂದಿಗೆ ಮಾತು ಕಡಿಮೆ. ವರ್ಷಕ್ಕೆ 40,000 ರೂಪಾಯಿ ದಾಟಿ ಖರ್ಚು ಮಾಡಲಾಗದು. ಹತ್ತನೆಯ ನಂತರ ಹೋಗಬಹುದಾದ 12 ದಾರಿಗಳನ್ನು ಹೇಳು. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆ: ಎಷ್ಟು ವರ್ಷ, ಪ್ರವೇಶ ಹೇಗೆ, ಇದನ್ನು ಹಿಡಿದರೆ ಮುಂದೆ ಯಾವ ದಾರಿ ಮುಚ್ಚುತ್ತದೆ, ಯಾವ ಸರ್ಕಾರಿ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಯಾವುದು ಒಳ್ಳೆಯದೆಂದು ಹೇಳಬೇಡ. ಕಾಲೇಜಿನ ಹೆಸರು, ಶುಲ್ಕ, ಕಟ್‌ಆಫ್ ಹೇಳಬೇಡ. ಖಚಿತವಿಲ್ಲದ ಕಡೆ 'ಖಚಿತವಿಲ್ಲ' ಎಂದು ಬರೆ."

ಇದರಲ್ಲಿ ಯಾವ ಸಾಲನ್ನೂ ಬಿಡಬೇಡಿ. ಹನ್ನೆರಡು ಎಂದು ಕೇಳುವುದು ಯಾಕೆಂದರೆ ಮೊದಲ ನಾಲ್ಕೈದು ಎಲ್ಲರಿಗೂ ಹೇಳುವ ದಾರಿಗಳೇ ಆಗಿರುತ್ತವೆ. ಕೃಷಿ ಯಂತ್ರಗಳ ಕೆಲಸ ಕಲಿಸುವ ಐಟಿಐ, ಡಿಪ್ಲೊಮಾದಿಂದ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಹೋಗುವ ದಾರಿ, ಅಪ್ರೆಂಟಿಸ್ ತರಬೇತಿ, ಇಂಥವು ತಲೆಯೆತ್ತುವುದು ಅದರ ನಂತರ. "ಯಾವ ದಾರಿ ಮುಚ್ಚುತ್ತದೆ" ಎಂಬ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಾಲೇಜು, ಶುಲ್ಕ, ಕಟ್‌ಆಫ್ ಬೇಡವೆನ್ನುವುದು ಯಾಕೆಂದರೆ ಎಐ ಇಲ್ಲದ್ದನ್ನು ಇದ್ದಂತೆ ಹೇಳುವುದು ಹೆಚ್ಚಾಗಿ ಈ ಮೂರರಲ್ಲೇ. ಇಲ್ಲದ ಬ್ರಾಂಚು, ಎಂದೋ ಮುಚ್ಚಿದ ಕೋರ್ಸು, ಊಹಿಸಿದ ಶುಲ್ಕ ಎಲ್ಲವೂ ನಿಜದಷ್ಟೇ ನಯವಾದ ವಾಕ್ಯದಲ್ಲಿ ಬರುತ್ತವೆ. ವಾಕ್ಯ ನೋಡಿ ಸುಳ್ಳನ್ನು ಹಿಡಿಯಲು ಬರುವುದಿಲ್ಲ.

ವಿದ್ಯಾರ್ಥಿಯ ಹೆಸರು, ಶಾಲೆಯ ಹೆಸರು, ಆಧಾರ್ ಸಂಖ್ಯೆ, ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ, ಅಂಕಪಟ್ಟಿಯ ಫೋಟೋ ಇವನ್ನು ಹಾಕಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅಂಕ, ಇಷ್ಟ, ಬಜೆಟ್ ಇಷ್ಟೇ ಸಾಕು, ಯಾರದ್ದೆಂದು ಅದಕ್ಕೆ ತಿಳಿಯಬೇಕಿಲ್ಲ.

ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಒಮ್ಮೆ ಕೇಳಿ. ಕನ್ನಡದ ಬರಹವನ್ನು ಎಐ ಓದಿರುವುದು ಇಂಗ್ಲಿಷಿಗಿಂತ ತೀರಾ ಕಡಿಮೆ, ಉತ್ತರದಲ್ಲಿ ಆ ತೆಳುವು ಕಾಣುತ್ತದೆ. ಕೋರ್ಸುಗಳ ಹೆಸರನ್ನು ತಾನೇ ಕನ್ನಡಕ್ಕೆ ತಿರುಗಿಸಿ ಬಿಟ್ಟಿರುವುದೂ ಉಂಟು. ಆ ಹೆಸರು ಹಿಡಿದು ಕಚೇರಿಗೆ ಹೋದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಮೂರು ಪರೀಕ್ಷೆ, ಎಐಗೆ

ಒಂದನೆಯದು, ಹೊಸ ಚಾಟ್ ತೆರೆದು ಅದೇ ಪ್ರಶ್ನೆಯನ್ನು ಅಕ್ಷರ ಬದಲಿಸದೆ ಮತ್ತೆ ಹಾಕುವುದು. ಎರಡೂ ಸಲ ಬಂದ ದಾರಿಗಳು ಒಂದು ಪಟ್ಟಿ, ಒಂದೇ ಸಲ ಬಂದವು ಇನ್ನೊಂದು ಪಟ್ಟಿ. ಎರಡನೆಯದನ್ನು ಎಸೆಯಬೇಡಿ, ಆದರೆ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಎರಡನೆಯ ಪರೀಕ್ಷೆಯನ್ನು ಎಂದೂ ತಪ್ಪಿಸಬೇಡಿ. "ವಿದ್ಯಾರ್ಥಿ" ಇದ್ದಲ್ಲಿ ಒಮ್ಮೆ "ಹುಡುಗ" ಎಂದು, ಇನ್ನೊಮ್ಮೆ ಬೇರೆ ಚಾಟ್‌ನಲ್ಲಿ "ಹುಡುಗಿ" ಎಂದು ಹಾಕಿ. ಉಳಿದದ್ದೆಲ್ಲ ಹಾಗೆಯೇ ಇರಲಿ. ಹುಡುಗನಿಗೆ ಪಂಪು, ಮೋಟಾರಿನ ದಾರಿ ತೋರಿಸಿ, ಅದೇ ಅಂಕ, ಅದೇ ಇಷ್ಟ ಇರುವ ಹುಡುಗಿಗೆ ಶಿಕ್ಷಕಿ, ನರ್ಸು, ಟೈಲರಿಂಗ್ ಎಂದರೆ ಆ ವ್ಯತ್ಯಾಸ ಹುಡುಗಿಯದ್ದಲ್ಲ, ಎಐ ಓದಿದ ಬರಹದ್ದು. ಹಾಗಾದಾಗ ಎರಡೂ ಪಟ್ಟಿಯನ್ನು ಕೂಡಿಸಿ ಹುಡುಗಿಯ ಮುಂದಿಡಿ. ಸಿದ್ದಿ ಮನೆಯ ಮಗು, ಹಾಲಕ್ಕಿ ಮನೆಯ ಮಗು ಎಂದು ಸೇರಿಸಿದಾಗ ಪಟ್ಟಿ ಸಣ್ಣದಾಗುತ್ತದೆಯೇ ಎಂದೂ ನೋಡಿ. ಮೀಸಲಾತಿ, ವಿದ್ಯಾರ್ಥಿವೇತನದ ಪ್ರಶ್ನೆಯನ್ನು ಬೇರೆಯಾಗಿ ಕೇಳಬೇಕು, ದಾರಿಗಳ ಪಟ್ಟಿ ಮಾಡುವಾಗ ಜಾತಿ ಬೇಡ.

ಮೂರನೆಯದು, ತಿರುಗಿಸಿ ಕೇಳುವುದು. "ಕಂಪ್ಯೂಟರ್ ಸೈನ್ಸ್ ನನಗೆ ಚೆನ್ನಾಗಿ ಹೊಂದುತ್ತದಲ್ಲವೇ?" ಎಂದರೆ ಹೌದೆನ್ನಬಹುದು, "ನನಗೆ ಹೊಂದುವುದಿಲ್ಲ ಅಲ್ಲವೇ?" ಎಂದರೆ ಅದಕ್ಕೂ ತಲೆಯಾಡಿಸಬಹುದು. ಕೇಳಿದವರನ್ನು ಮೆಚ್ಚಿಸುವ ಗುಣ ಇದರಲ್ಲಿ ಸೇರಿಕೊಂಡಿದೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಬಗೆ ಕೇಳಿ ತೋರಿಸಿ. ಹತ್ತು ನಿಮಿಷದ ಈ ಪಾಠ ಅವರ ಮುಂದಿನ ವರ್ಷಗಳಿಗೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಅದು ಎಲ್ಲಿ ತಪ್ಪುತ್ತದೆ

ಉತ್ತರ ಕನ್ನಡ ಮತ್ತು ಉತ್ತರ ಕರ್ನಾಟಕ ಎರಡನ್ನೂ ಕಲಸುವುದು ಮೊದಲನೆಯದು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಗುತ್ತದೆಂದು ಹೇಳಿಬಿಡಬಹುದು. ಅದು ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ ಮಾತ್ರ. ಕಾರವಾರದವರಿಗಾಗಲಿ ಶಿರಸಿಯವರಿಗಾಗಲಿ ಇಲ್ಲ. ಮೇಲಿನ ಪ್ರಶ್ನೆಯಲ್ಲಿ ಕಲ್ಯಾಣ ಕರ್ನಾಟಕದ ಮಾತು ಸೇರಿಸಿದ್ದು ಇದಕ್ಕಾಗಿಯೇ.

ಹಳೆಯ ನಿಯಮವನ್ನು ಇವತ್ತಿನದೆಂಬಂತೆ ಹೇಳುವುದು ಎರಡನೆಯದು. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಎಸ್ಸೆಸ್ಸೆಲ್ಸಿ, ಪಿಯುಗೆ 2023-24ರಲ್ಲಿ ಪರೀಕ್ಷೆ-1, 2, 3 ಎಂದು ವರ್ಷಕ್ಕೆ ಮೂರು ಅವಕಾಶ ಬಂತು. ಪಾಸಾಗಲು ಬೇಕಾದ ಒಟ್ಟು ಅಂಕ ಶೇ 35ರಿಂದ ಶೇ 33ಕ್ಕೆ ಇಳಿದದ್ದು 2025-26ರಲ್ಲಿ. ಎಐ ಓದಿದ ಬರಹ ಒಂದು ದಿನಾಂಕಕ್ಕೆ ನಿಂತಿರುತ್ತದೆ. ಅಂತರಜಾಲ ಹುಡುಕಿ ಹೇಳುವಂಥದ್ದೂ ಹಳೆಯ ಪುಟವನ್ನೇ ಎತ್ತಿಕೊಳ್ಳಬಹುದು. ಆದ್ದರಿಂದ ಅದರ ಉತ್ತರದಲ್ಲಿ ವರ್ಷ, ಶೇಕಡಾ, ವಯಸ್ಸು, ದಿನಾಂಕ ಯಾವುದೇ ಅಂಕಿ ಬಂದರೂ ಪೆನ್ನಿನಿಂದ ಸುತ್ತು ಹಾಕಿ. ಸುತ್ತು ಹಾಕಿದ್ದನ್ನೆಲ್ಲ ದಾಖಲೆಯಲ್ಲಿ ನೋಡದೆ ಬಾಯಿಬಿಡಬೇಡಿ.

ಲೆಕ್ಕದ ತಪ್ಪು ಮೂರನೆಯದು, ಇದು ಪಿಯು ಮಕ್ಕಳನ್ನು ಬಹಳ ಕಾಡುತ್ತದೆ. ಕೆಸಿಇಟಿಯ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ) ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರುತ್ತದೆ. ಆದರೆ ಪಿಯುನ ಎಲ್ಲ ಆರು ವಿಷಯ ಬರುವುದಿಲ್ಲ, ಭೌತ, ರಸಾಯನ, ಗಣಿತ ಮೂರೇ. ಒಬ್ಬಳಿಗೆ ಭೌತಶಾಸ್ತ್ರ 78, ರಸಾಯನಶಾಸ್ತ್ರ 82, ಗಣಿತ 80 ಬಂದರೆ 300ಕ್ಕೆ 240, ಅಂದರೆ ಶೇ 80. ಸಿಇಟಿಯಲ್ಲಿ ತಲಾ 60ರಂತೆ 180ಕ್ಕೆ 90 ಬಂದರೆ ಶೇ 50. ಎರಡರ ಸರಾಸರಿ 65. ಅದೇ ಹುಡುಗಿಗೆ ಭಾಷೆಗಳೂ ಸೇರಿ 600ಕ್ಕೆ 540 ಬಂದಿದೆ ಎಂದು ಎಐಗೆ ಹೇಳಿದರೆ ಅದು ಶೇ 90 ಹಿಡಿದು 70 ಎಂದು ಲೆಕ್ಕ ಕೊಡಬಹುದು. ಐದು ಅಂಕದ ಈ ವ್ಯತ್ಯಾಸ ರ‍್ಯಾಂಕ್ ಪಟ್ಟಿಯ ನಡುಭಾಗದಲ್ಲಿ ಬಹಳ ದೂರ. ಈ ಲೆಕ್ಕವನ್ನು ಕೈಯಲ್ಲೇ ಮಾಡಿ.

"ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ?" ಎಂದು ಎಐಯನ್ನು ಕೇಳುವುದಕ್ಕಿಂತ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸುವ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ತೆರೆಯಿರಿ. ಎರಡು ವರ್ಷದ್ದು ನೋಡಿ, ಸುತ್ತು ಯಾವುದೆಂದು ನೋಡಿ, ಮುಖ್ಯವಾಗಿ ಕಾಲಂ ಸರಿಯಾಗಿ ಹಿಡಿಯಿರಿ. 2ಎಜಿ ಎಂದರೆ ಹಿಂದುಳಿದವರ ಮೀಸಲಾತಿಯ 2ಎ ವರ್ಗದ ಸಾಮಾನ್ಯ, 2ಎಆರ್ ಎಂದರೆ ಗ್ರಾಮೀಣ, 2ಎಕೆ ಎಂದರೆ ಕನ್ನಡ ಮಾಧ್ಯಮ. ನಮ್ಮ ಹಳ್ಳಿಯ ಮಕ್ಕಳಿಗೆ ಆರ್ ಮತ್ತು ಕೆ ಕಾಲಂಗಳೇ ಜೀವ. ಎಐಗೆ ಬರೀ "2ಎ" ಎಂದು ಹೇಳಿದರೆ ಈ ವಿವರ ಕಳೆದುಹೋಗುತ್ತದೆ. ಆಯ್ಕೆ ತುಂಬುವಾಗ ಸಿಗುವುದನ್ನು ಮೇಲೆ, ಬೇಕಾದ್ದನ್ನು ಕೆಳಗೆ ಬರೆಯಲು ಯಾರಾದರೂ ಹೇಳಿದರೆ ಕೇಳಬೇಡಿ. ಬೇಕೆನಿಸಿದ ಸರದಿಯಲ್ಲೇ ಬರೆಯಬೇಕು, ಮೇಲೆ ದೊಡ್ಡ ಕಾಲೇಜು ಬರೆದದ್ದರಿಂದ ಕೆಳಗಿನದು ತಪ್ಪುವುದಿಲ್ಲ. ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಚಾಯ್ಸ್‌ಗಳ ಅರ್ಥವನ್ನು ಕೆಇಎ ಪುಟದಲ್ಲೇ ಓದಿ: ಒಂದು, ಒಪ್ಪಿಗೆ, ಸೇರುತ್ತೇನೆ. ಎರಡು, ಒಪ್ಪಿಗೆ, ಆದರೆ ಮೇಲಿನದಕ್ಕೆ ಮುಂದಿನ ಸುತ್ತು ಕಾಯುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ಇದೂ ಬೇಡ, ಮುಂದಿನದೂ ಬೇಡ. ಎರಡು ಮತ್ತು ಮೂರು ಅದಲುಬದಲಾದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಈ ಒಂದು ಗುಂಡಿ ಒತ್ತುವಾಗ ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲೇಬೇಕು.

ಇನ್ನು ದೂರದ ವಿಚಾರ. ನಕ್ಷೆಯಲ್ಲಿ ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ. ಎಐಗೆ ಅದು "ಹತ್ತಿರ". ನಡುವೆ ದೇವಿಮನೆ ಘಟ್ಟ ಇದೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಏನಾಗುತ್ತದೆ ಎಂಬುದು ಇಲ್ಲಿ ಬದುಕುವವರಿಗೆ ಗೊತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾದದ್ದನ್ನು ಯಾರೂ ಮರೆತಿಲ್ಲ. ದಿನಾ ಓಡಾಡಿ ಓದುವುದು, ವಾರಕ್ಕೊಮ್ಮೆ ಮನೆಗೆ ಬರುವುದು ಸಾಧ್ಯವೇ ಎಂಬುದನ್ನು ಬಸ್ಸಿನ ವೇಳೆ ನೋಡಿ, ಮಳೆಗಾಲ ಲೆಕ್ಕ ಹಾಕಿ ಮನುಷ್ಯರೇ ಹೇಳಬೇಕು. ಗೋವಾದ ಕಾರ್ಖಾನೆಗಳಿಗೆ ಹೋಗಿಬರುವ ಕಾರವಾರದ ಹುಡುಗರಿಗೆ ಗಡಿಯಾಚೆಯ ಮಡಗಾಂವ್ ಹುಬ್ಬಳ್ಳಿಗಿಂತ ಹತ್ತಿರ. ರಾಜ್ಯದ ಗಡಿ ನೋಡಿ ಉತ್ತರ ಕೊಡುವ ಎಐಗೆ ಇದೂ ತೋಚುವುದಿಲ್ಲ.

ಕೊನೆಯದಾಗಿ, ಅದರ ಪಟ್ಟಿಯಲ್ಲಿ ಬಾರದ ದಾರಿಗಳನ್ನು ನೀವು ಸೇರಿಸಬೇಕು. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, 700 ಮೆಗಾವಾಟ್‌ನ ಇನ್ನೆರಡರ ಕೆಲಸ ಹಿಡಿದಿದೆ. ಅದನ್ನು ನಡೆಸುವ ಎನ್‌ಪಿಸಿಐಎಲ್ ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುವಾಗ ಐಟಿಐ, ಡಿಪ್ಲೊಮಾ ಆದವರಿಗೂ ಜಾಗ ಇರುತ್ತದೆ, ಎತ್ತರ-ತೂಕದ ಕನಿಷ್ಠ ಮಿತಿಯೂ ಇರುತ್ತದೆ. ಕಾರವಾರದ ನೌಕಾದಳದ ಹಡಗು ದುರಸ್ತಿ ಯಾರ್ಡಿನಲ್ಲಿ ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಅವಕಾಶ ಬರುತ್ತದೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರ ಓದಬಹುದು, ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರ ಓದಬಹುದು. ಕೃಷಿಕರ ಮಕ್ಕಳಿಗೆ ಕೃಷಿ ವಿಜ್ಞಾನದ ಕೋರ್ಸುಗಳಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಹಾಳೆಯಲ್ಲಿ ಪಹಣಿ ಕೇಳಿದ್ದು ಇದಕ್ಕೆ. ಪಂಜರದಲ್ಲಿ ಮೀನು ಸಾಕುವುದು, ತೋಟಕ್ಕೆ ಡ್ರೋನಿನಿಂದ ಔಷಧ ಹೊಡೆಯುವುದು, ದಾಂಡೇಲಿಯ ರಾಫ್ಟಿಂಗ್, ನೇತ್ರಾಣಿಯ ಡೈವಿಂಗ್ ಇವೆಲ್ಲ ಇಲ್ಲಿ ಹೊಟ್ಟೆ ತುಂಬಿಸುವ ಕೆಲಸಗಳೇ.

ಖಚಿತ ಮಾಡಿಕೊಳ್ಳುವುದು ಎಲ್ಲಿ

ಕೋರ್ಸು, ಅರ್ಹತೆಗೆ ಕೆಇಎ. ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜಿನ ಮಾನ್ಯತೆಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಪಟ್ಟಿ. ನರ್ಸಿಂಗ್‌ಗೆ ರಾಜ್ಯದ ಮತ್ತು ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿ ಎರಡೂ, ಯಾಕೆಂದರೆ ಮುಂದೆ ಹೊರರಾಜ್ಯಕ್ಕೋ ಗಲ್ಫಿಗೋ ಹೋಗುವಾಗ ಎರಡನೆಯದನ್ನು ಕೇಳುತ್ತಾರೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲಿಗೆ ತಾಲ್ಲೂಕಿನ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಕಚೇರಿ. ಅಪ್ರೆಂಟಿಸ್‌ಗೆ ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್. ಹಡಗಿನ ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ಏಜೆಂಟರು ಬಂದರೆ, ಹಡಗಿಗೆ ಜನ ಸೇರಿಸಲು ಅವರಿಗಿರಬೇಕಾದ ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಕೇಳಿ, ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ಅದೇ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಕರಾವಳಿಯ ಎಷ್ಟೋ ಮನೆಗಳ ಲಕ್ಷಗಟ್ಟಲೆ ದುಡ್ಡು ಉಳಿಯುವುದು ಈ ಒಂದು ಹುಡುಕಾಟದಲ್ಲಿ.

ಶುಲ್ಕವನ್ನು ಕಾಲೇಜಿನ ಕಚೇರಿಯಲ್ಲಿ ಮುಖತಃ ಕೇಳಿ ಬರೆಸಿಕೊಳ್ಳಿ. ಪ್ರವೇಶ ಶುಲ್ಕದ ಜೊತೆ ಪರೀಕ್ಷಾ ಶುಲ್ಕ, ಠೇವಣಿ, ಮೆಸ್, ಬಸ್ ಪಾಸ್, ಸಮವಸ್ತ್ರ ಇವನ್ನೂ ಕೂಡಿಸಿ.

ದಾರಿಯ ಹೆಸರಿಗಿಂತ ಆ ದಾರಿಯಲ್ಲಿರುವ ಮನುಷ್ಯ ಮುಖ್ಯ. ಪಟ್ಟಿ ಮೂರಕ್ಕೆ ಇಳಿದ ಮೇಲೆ ಪ್ರತಿಯೊಂದಕ್ಕೂ ಆ ಕೆಲಸ ಮಾಡುತ್ತಿರುವ ಒಬ್ಬರ ಜೊತೆ ಒಂದು ದಿನ ಇರಲು ವಿದ್ಯಾರ್ಥಿಯನ್ನು ಕಳಿಸಿ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ವಾಸನೆ, ಗ್ಯಾರೇಜಿನ ಗ್ರೀಸು, ಬಂದರಿನ ಬಿಸಿಲು, ಸೊಸೈಟಿಯ ಲೆಕ್ಕದ ಮೇಜಿನ ಮುಂದೆ ಎಂಟು ಗಂಟೆ ಕೂರುವುದು, ಇವನ್ನು ಯಾವ ಪರದೆಯೂ ತಿಳಿಸುವುದಿಲ್ಲ. ಅಂದು ಸಂಜೆ ಕೇಳಬೇಕಾದ ಪ್ರಶ್ನೆ "ಇಷ್ಟವಾಯಿತೇ?" ಎಂಬುದಲ್ಲ, "ನಾಳೆಯೂ ಹೋಗುತ್ತೀಯಾ?" ಎಂಬುದು.

ನಮ್ಮ ತಪ್ಪುಗಳಿಗೂ ಒಂದು ಕನ್ನಡಿ

ಮನುಷ್ಯರ ವಿವೇಚನೆ ಎಂದ ಕೂಡಲೇ ಅದು ಶುದ್ಧ ಎಂದಲ್ಲ. "ಜಾಣರು ಸೈನ್ಸ್, ಉಳಿದವರು ಆರ್ಟ್ಸ್" ಎಂಬ ಮಾತು ನಮ್ಮ ಸ್ಟಾಫ್ ರೂಮುಗಳಲ್ಲಿ ಇನ್ನೂ ಇದೆ. ಕೂಸಿಗೆ (ಹುಡುಗಿಗೆ) ಹತ್ತಿರದ ಕಾಲೇಜೇ ಸಾಕು, ಮಾಣಿಯಾದರೆ (ಹುಡುಗನಾದರೆ) ಬೆಂಗಳೂರಿಗೆ ಎಂಬ ಲೆಕ್ಕ ಮನೆಗಳಲ್ಲಿದೆ. ನಮ್ಮ ಕಾಲೇಜಿನಲ್ಲಿ ಯಾವ ವಿಭಾಗ ಖಾಲಿ ಇದೆಯೋ ಅದರ ಕಡೆ ಮಕ್ಕಳನ್ನು ತಳ್ಳುವುದೂ ನಡೆಯುತ್ತದೆ. ಇಲ್ಲಿ ಎಐ ನಿಜಕ್ಕೂ ಉಪಕಾರಿ. ನೀವು ಒಂದು ಸಲಹೆಗೆ ಬಂದ ಮೇಲೆ, ವಿದ್ಯಾರ್ಥಿಗೆ ಹೇಳುವ ಮೊದಲು ಹೀಗೆ ಕೇಳಿ: "ಈ ವಿವರ ಇರುವ ವಿದ್ಯಾರ್ಥಿಗೆ ನಾನು ಈ ಸಲಹೆ ಕೊಡಲಿದ್ದೇನೆ. ಇದು ತಪ್ಪಾಗಿರಲು ಐದು ಕಾರಣ ಹೇಳು. ನಾನು ಕೇಳದೆ ಬಿಟ್ಟ ಪ್ರಶ್ನೆಗಳಾವುವು?" ಐದರಲ್ಲಿ ಮೂರು ಜೊಳ್ಳಾಗಿರಬಹುದು. ಉಳಿದ ಎರಡು ನಿಮ್ಮನ್ನು ಮತ್ತೊಮ್ಮೆ ವಿದ್ಯಾರ್ಥಿಯ ಬಳಿ ಕಳಿಸುತ್ತವೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಮಕ್ಕಳು ಮನೆಯಲ್ಲಿ ಆಡದ ಮಾತನ್ನು ರಾತ್ರಿ ಹೊತ್ತು ಚಾಟ್‌ನಲ್ಲಿ ಬರೆಯುತ್ತಾರೆ. ವಿದ್ಯಾರ್ಥಿ ತೋರಿಸಿದ ಚಾಟ್‌ನಲ್ಲಾಗಲಿ, ಮಾತಿನಲ್ಲಾಗಲಿ "ಇನ್ನು ಇದ್ದು ಏನು ಮಾಡುವುದು" ಎಂಬ ಧಾಟಿ ಕಂಡರೆ ಕೋರ್ಸಿನ ಮಾತು ಅಲ್ಲಿಗೇ ನಿಲ್ಲಿಸಿ. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಮನೆಯವರಿಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಿರಿ.

ತೀರ್ಮಾನದ ದಿನ

ಫಲಿತಾಂಶ ಬಂದ ಮೂರ್ನಾಲ್ಕು ದಿನದೊಳಗೆ ವಿದ್ಯಾರ್ಥಿ, ಮನೆಯವರು, ನೀವು ಮತ್ತೆ ಕೂತುಕೊಳ್ಳಿ. ಫೋನು ಮೇಜಿನ ಮೇಲೆ ಬೇಡ. ಮೂರು ದಾರಿಗಳ ಮುಂದೆ ಎರಡೇ ಪ್ರಶ್ನೆ ಬರೆಯಿರಿ: ತಪ್ಪಾದರೆ ಹಿಂದೆ ಬರಲು ಎಷ್ಟು ವರ್ಷ, ಎಷ್ಟು ಹಣ ಹೋಗುತ್ತದೆ? ಇದರಿಂದ ಮುಂದೆ ಎಷ್ಟು ಬಾಗಿಲು ತೆರೆದಿರುತ್ತದೆ? ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಹಿಡಿದರೆ ಜೀವಶಾಸ್ತ್ರ ಬೇಡುವ, ವೈದ್ಯಕೀಯ ಪ್ರವೇಶದ ನೀಟ್ ದೂರವಾಗುತ್ತದೆ. ವಾಣಿಜ್ಯ ಹಿಡಿದರೆ ಇಂಜಿನಿಯರಿಂಗ್ ಸಿಗುವುದಿಲ್ಲ. ಮೂರು ವರ್ಷದ ಡಿಪ್ಲೊಮಾ ಹಿಡಿದರೆ ಇಂಜಿನಿಯರಿಂಗ್ ಬಾಗಿಲು ತೆರೆದೇ ಇರುತ್ತದೆ, ನಡುವೆ ಕೆಲಸಕ್ಕೂ ಸೇರಬಹುದು. ಸೇನೆಯ ಅಗ್ನಿವೀರ ಹಿಡಿದರೆ ನಾಲ್ಕು ವರ್ಷದ ನಂತರ ಖಾಯಂ ಆಗುವುದು ಹೆಚ್ಚೆಂದರೆ ಶೇ 25 ಮಂದಿ. ಉಳಿದವರು ಮರಳಿ ಬಂದಾಗ ಏನು ಮಾಡುವುದೆಂದು ಈಗಲೇ ಬರೆದಿಡಿ.

ಮೊದಲು ವಿದ್ಯಾರ್ಥಿ ಮಾತಾಡಲಿ, ಆಮೇಲೆ ಮನೆಯವರು, ಎಲ್ಲರ ಕೊನೆಗೆ ನೀವು. ನೀವು ಮೊದಲು ಬಾಯಿಬಿಟ್ಟರೆ ಉಳಿದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ತೀರ್ಮಾನವನ್ನೂ, ಅದಕ್ಕೆ ವಿದ್ಯಾರ್ಥಿ ಕೊಟ್ಟ ಕಾರಣವನ್ನೂ ಹಾಳೆಯ ಕೆಳಗೆ ಅವರ ಕೈಯಲ್ಲೇ ಬರೆಸಿ. ಎರಡನೆಯ ಆಯ್ಕೆ ಯಾವುದು, ಅದರ ಅರ್ಜಿಗೆ ಕೊನೆಯ ದಿನ ಯಾವುದು ಎಂಬುದನ್ನೂ ಬರೆಸಿ. ಹಾಳೆಯ ಒಂದು ಪ್ರತಿ ಮನೆಗೆ, ಒಂದು ನಿಮ್ಮ ಕಡತಕ್ಕೆ.

ತರಗತಿ ಶುರುವಾದ ಎರಡನೇ ವಾರ ಒಂದು ಫೋನು ಮಾಡಿ. ಸಂಯೋಜನೆ ಬದಲಿಸಿಕೊಳ್ಳಲು ಕಾಲೇಜುಗಳು ಆರಂಭದ ದಿನಗಳಲ್ಲಷ್ಟೇ ಒಪ್ಪುತ್ತವೆ, ಆ ಗಡುವು ಯಾವತ್ತೆಂದು ಪ್ರವೇಶದ ದಿನವೇ ಕಚೇರಿಯಲ್ಲಿ ಕೇಳಿಸಿ ಹಾಳೆಯ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಬರೆದಿರಬೇಕು. ಗಣಿತದ ಕ್ಲಾಸಿನಲ್ಲಿ ಏನೂ ತಲೆಗೆ ಹತ್ತುತ್ತಿಲ್ಲ ಎಂದು ವಿದ್ಯಾರ್ಥಿ ಹೇಳಿದರೆ, ಅದು ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಹೋದ ಮೊದಲ ವಾರಗಳ ಕಷ್ಟವೋ, ವಿಷಯವೇ ಒಗ್ಗದ ಕಷ್ಟವೋ ಎಂದು ಕನ್ನಡದಲ್ಲಿ ಒಂದು ಲೆಕ್ಕ ಬಿಡಿಸಲು ಕೊಟ್ಟು ನೋಡಿ. ಕನ್ನಡದಲ್ಲಿ ಬಿಡಿಸಿದರೆ ಸಂಯೋಜನೆ ಬದಲಿಸಬೇಡಿ, ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಎಐಯಿಂದ ಕನ್ನಡದಲ್ಲಿ ವಿವರಿಸಿಕೊಂಡು ಓದಲು ಹೇಳಿ. ಬಿಡಿಸಲಾಗದಿದ್ದರೆ ಗಡುವಿನೊಳಗೆ ಪ್ರಾಂಶುಪಾಲರ ಬಳಿ ನೀವೇ ಜೊತೆಗೆ ಹೋಗಿ.